ಹಳೇ ಇಟ್ಟಿಗೆ ಚಿಮಣಿಗೆ ಯಾವ ಲೈನರ್? 304, 316, ಸುಟ್ಟಮಣ್ಣು... ಕೇಳಿ ಕೇಳಿ ತಲೆ ಕೆಟ್ಟಿದೆ

ಅರೆಒಣಸೌದೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೇ ಕಾಲದ ತೆರೆದ ಅಗ್ಗಿಷ್ಟಿಕೆ ಇದೆ. ಅದರೊಳಗೆ ಬಾಗಿಲಿರುವ ಸೌದೆ ಸ್ಟವ್ ಕೂರಿಸಬೇಕು ಅಂತಿದ್ದೇವೆ. ಸ್ಟವ್‌ನ ಹೊಗೆ ಬಾಯಿ 6 ಇಂಚು. ಚಿಮಣಿ ಇಟ್ಟಿಗೆಯದು, ಒಳ ಅಳತೆ 12ಕ್ಕೆ 12 ಇಂಚು, ಎತ್ತರ ಸುಮಾರು 7 ಮೀಟರ್. ಮನೆಯ ಹೊರಗೋಡೆಗೆ ಅಂಟಿಕೊಂಡಿದೆ, ಅಂದರೆ ಮೂರು ಕಡೆ ಗಾಳಿ. ನಡುವೆ ಒಂದು ಸಣ್ಣ ತಿರುವೂ ಇದೆ. ಒಳಗೆ ಲೈನರ್ (ಹೊಗೆ ಹೋಗೋಕೆ ಚಿಮಣಿಯೊಳಗೆ ಹಾಕುವ ಒಳಕೊಳವೆ) ಅಂತ ಏನೂ ಇಲ್ಲ. ಬರೀ ಇಟ್ಟಿಗೆ, ಅಲ್ಲಲ್ಲಿ ಗಾರೆ ಉದುರಿದೆ.

ಮೂರು ಜನರನ್ನು ಕೇಳಿದೆ, ಮೂರು ಉತ್ತರ ಬಂತು. ಸ್ಟವ್ ಮಾರುವವರು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂದರು. ಇನ್ನೊಬ್ಬರು ಬರೀ ಸೌದೆಗೆ 304 ಸಾಕು, ಸುಮ್ನೆ ದುಡ್ಡು ದಂಡ ಅಂದರು. ಗಾರೆ ಕೆಲಸದವರು ಲೈನರೇ ಬೇಡ, ಸ್ಟವ್ ಪೈಪನ್ನು ಚಿಮಣಿಯೊಳಗೆ ನಾಲ್ಕು ಅಡಿ ತೂರಿಸಿ ಬಿಟ್ಟರೆ ಹೊಗೆ ತಾನೇ ದಾರಿ ಹುಡುಕಿಕೊಳ್ಳುತ್ತದೆ ಅಂದರು. ಯಾರ ಮಾತು ಕೇಳಲಿ?

ಸುಮ್ನೆಓದುವವ:
316. ಮುಗೀತು. ಮುಂದಿನ ಪ್ರಶ್ನೆ?

ತಗಡುಕೆಲಸ:
ಅಷ್ಟು ಬೇಗ ಮುಗಿಯಲ್ಲ ಸ್ವಾಮಿ. 304ಕ್ಕೂ 316ಕ್ಕೂ ಇರುವ ಮುಖ್ಯ ವ್ಯತ್ಯಾಸ ಮಾಲಿಬ್ಡಿನಮ್. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. 316ರಲ್ಲಿ ಇವುಗಳ ಜೊತೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಕ್ಲೋರೈಡ್ ತಗಲಿದಾಗ ಸ್ಟೀಲ್ ಮೇಲೆ ಸೂಜಿ ತೂತು ಬೀಳುತ್ತದಲ್ಲ, ಅದನ್ನು ತಡೆಯೋದು ಇದೇ. ಒಣ ಸೌದೆ ಮಾತ್ರ ಉರಿಸುವವರಿಗೆ ಒಳ್ಳೆ ದಪ್ಪದ 304 ಕೂಡ ವರ್ಷಗಟ್ಟಲೆ ಬಾಳುತ್ತದೆ. ಆದರೆ ಮನೆಯಲ್ಲಿ ಯಾರಾದರೂ ಒಬ್ಬರು ಪ್ಲಾಸ್ಟಿಕ್ ಕವರು, ಬಣ್ಣ ಬಳಿದ ಹಲಗೆ ಅಂತ ಒಲೆಗೆ ತುರುಕುವವರು ಇದ್ದೇ ಇರುತ್ತಾರೆ. ಅಂಥ ಮನೆಗೆ 316.

ಕಲ್ಲಿದ್ದಲು ಉರಿಸುವವರ ಕಥೆ ಬೇರೆ. ಅದರಲ್ಲಿ ಗಂಧಕ ಇದೆ. ಮಸಿಗೆ ತೇವ ಸೇರಿದರೆ ಗಂಧಕಾಮ್ಲ. ಅದಕ್ಕೆ 904 ಅಂತ ಇನ್ನೂ ಮೇಲಿನ ದರ್ಜೆ ಇದೆ. ಅದರಲ್ಲಿ ಸ್ವಲ್ಪ ತಾಮ್ರವನ್ನೂ ಸೇರಿಸಿರುತ್ತಾರೆ, ಈ ಆಮ್ಲ ತಡೆಯೋಕೆ.

ಗಾರೆಕರಣೆ:
ನಾನೂ ಗಾರೆ ಕೆಲಸದವನೇ. ಆದರೂ ಹೇಳುತ್ತೇನೆ, ಆ ಮೂರನೆಯವರ ಮಾತು ಕೇಳಬೇಡಿ. ಪೈಪನ್ನು ಅರ್ಧಕ್ಕೆ ಬಿಟ್ಟರೆ ಮೇಲಿನ ಅಷ್ಟೂ ಇಟ್ಟಿಗೆಗೆ ಡಾಂಬರಿನಂಥ ಕ್ರಿಯೋಸೋಟ್ ಹಿಡಿಯುತ್ತದೆ. ಆಮೇಲೆ ಗುಡಿಸಬೇಕೆಂದರೆ ಸ್ಟವ್ ಹೊರಗೆಳೆಯಬೇಕು. ಉದುರಿದ್ದೆಲ್ಲ ಪೈಪಿನ ಸುತ್ತ ಗುಡ್ಡೆ ಬಿದ್ದಿರುತ್ತದೆ. ಅದಕ್ಕೆ ಕಿಡಿ ಹತ್ತಿದರೆ ಯಾರು ಹೊಣೆ?

ನನ್ನ ಕೇಳಿದರೆ ಸುಟ್ಟಮಣ್ಣಿನ ಕೊಳವೆಯೇ ರಾಜ. ಆಮ್ಲಕ್ಕೆ ಜಗ್ಗಲ್ಲ, ತುಕ್ಕು ಹಿಡಿಯಲ್ಲ. ಆದರೆ ಅದು ಹೊಸ ಚಿಮಣಿ ಕಟ್ಟುವಾಗ ಹಾಕುವ ಮಾಲು. ಕಟ್ಟಿ ನಿಂತಿರುವ ಚಿಮಣಿಗೆ, ಅದೂ ತಿರುವಿರುವುದಕ್ಕೆ, ಮೇಲಿಂದ ಒಂದೊಂದೇ ತುಂಡು ಇಳಿಸಿ ಸಂದಿಗೆ ಗಾರೆ ಹಾಕುವುದು ಆಗದ ಕೆಲಸ. ತಿರುವಿನ ಹತ್ತಿರ ಗೋಡೆ ಒಡೆಯಲೇಬೇಕು.

ಕೆಂಡದಹೂ:
ಸುಟ್ಟಮಣ್ಣು ರಾಜ ಅಂದರಲ್ಲ, ಆ ರಾಜನಿಗೆ ಚಿಮಣಿ ಬೆಂಕಿ ಒಂದು ಸಲ ಬಂದರೆ ಸಾಕು, ಕಿರೀಟ ಬಿದ್ದುಹೋಗುತ್ತದೆ 😄 ನಮ್ಮ ಪಕ್ಕದ ಮನೆಯವರದ್ದು ನೋಡಿದ್ದೇನೆ. ಹೊರಗಿಂದ ಚಿಮಣಿ ನೆಟ್ಟಗೇ ಇತ್ತು. ಕ್ಯಾಮೆರಾ ಇಳಿಸಿದಾಗ ಮೇಲಿಂದ ಕೆಳಗಿನವರೆಗೂ ಕೊಳವೆ ಸೀಳಿತ್ತು. ಬಿಸಿ ಒಮ್ಮೆಲೇ ಏರಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಇನ್ನೂ ತಣ್ಣಗಿರುತ್ತದೆ, ಬಿರುಕು ಬಿಡುತ್ತದೆ.

ಗಾರೆಕರಣೆ:
@ಕೆಂಡದಹೂ ಅದು ಕೊಳವೆಯ ತಪ್ಪಲ್ಲ ತಾಯಿ, ಗುಡಿಸದವರ ತಪ್ಪು.

ಪ್ಯಾಸ್ಕಲ್‌ಲೆಕ್ಕ:
ಎಲ್ಲರೂ ಸ್ಟೀಲಿನ ನಂಬರ್ ಹಿಡಿದು ಕೂತಿದ್ದೀರಿ. ಕೇಳಿದವರ ನಿಜವಾದ ತೊಂದರೆ ಬೇರೆ. 12ಕ್ಕೆ 12 ಅಂದರೆ 144 ಚದರ ಇಂಚು. 6 ಇಂಚಿನ ದುಂಡು ಬಾಯಿ ಅಂದರೆ ಸುಮಾರು 28 ಚದರ ಇಂಚು. ಐದು ಪಟ್ಟು! ಬಿಸಿ ಹೊಗೆ ಅಷ್ಟಗಲದ ಚಿಮಣಿಗೆ ನುಗ್ಗಿದರೆ ಹೊಳೆ ಕೆರೆಗೆ ಸೇರಿದ ಹಾಗೆ, ಓಟ ನಿಲ್ಲುತ್ತದೆ. ನಿಂತ ಹೊಗೆ ತಣ್ಣಗಾಗುತ್ತದೆ. ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೊಗೆಯಲ್ಲಿರುವ ಟಾರ್ ಎಲ್ಲ ಗೋಡೆಗೆ ಅಂಟುತ್ತದೆ.

ಅಮೆರಿಕದ ಎನ್‌ಎಫ್‌ಪಿಎ 211 ಅನ್ನುವ ನಿಯಮಾವಳಿ ಇದನ್ನೇ ಹೇಳುತ್ತದೆ. ಚಿಮಣಿ ಮನೆಯೊಳಗಿದ್ದರೆ ಅದರ ಒಳ ವಿಸ್ತೀರ್ಣ ಸ್ಟವ್ ಬಾಯಿಯ ಮೂರು ಪಟ್ಟು ಮೀರಬಾರದು. ಒಂದು ಕಡೆಯಾದರೂ ಹೊರಗಿನ ಗಾಳಿಗೆ ತೆರೆದಿದ್ದರೆ ಎರಡು ಪಟ್ಟು ಮೀರಬಾರದು. ಇವರದ್ದು ಐದು ಪಟ್ಟು, ಅದೂ ಮೂರು ಕಡೆ ಗಾಳಿ. ಹಾಗಾಗಿ ಲೈನರ್ ಬೇಕೇ ಬೇಕು, ಅದು 6 ಇಂಚಿನದೇ ಆಗಬೇಕು. 304, 316 ಜಗಳ ಆಮೇಲೆ.

ಅರೆಒಣಸೌದೆ:
ಈ ಲೆಕ್ಕ ಯಾರೂ ಹೇಳಿರಲಿಲ್ಲ. ಹಾಗಾದರೆ 8 ಇಂಚಿನದು ಹಾಕಿದರೆ ಇನ್ನೂ ಚೆನ್ನಾಗಿ ಎಳೆಯುತ್ತದೆ ಅಲ್ವಾ? ಜಾಗ ಹೇಗೂ ಇದೆ.

ಮಸಿಬ್ರಷ್:
ಇಲ್ಲ ಇಲ್ಲ. ಎಲ್ಲರೂ ಎಡವೋದು ಇಲ್ಲೇ. ಅಗಲ ಜಾಸ್ತಿಯಾದರೆ ಎಳೆತ ಜಾಸ್ತಿ ಅಲ್ಲ. ಸ್ಟವ್ ಬಾಯಿ ಎಷ್ಟೋ ಲೈನರ್ ಅಷ್ಟೇ. ಸ್ಟವ್ ಜೊತೆ ಬಂದ ಪುಸ್ತಕದಲ್ಲೇ ಬರೆದಿರುತ್ತದೆ. ಯಾರೂ ಓದಲ್ಲ ಅಷ್ಟೇ.

ನನ್ನ ಕೆಲಸ ಚಿಮಣಿ ಗುಡಿಸೋದು. ಲೈನರ್ ಕೆಟ್ಟಿರುವ ಮನೆಗೆ ಹೋದಾಗ "ಸ್ಟೀಲ್ ಸರಿ ಇರಲಿಲ್ಲ" ಅನ್ನುವ ದೂರು ಕೇಳುತ್ತೇನೆ. ಒಳಗೆ ನೋಡಿದರೆ ಸ್ಟೀಲ್ ಸರಿಯಾಗೇ ಇರುತ್ತದೆ. ಹಸಿ ಸೌದೆ ಹಾಕಿ, ಗಾಳಿ ಕಿಂಡಿ ಮುಚ್ಚಿ, ರಾತ್ರಿಯಿಡೀ ಹೊಗೆಯಾಡಿಸಿರುತ್ತಾರೆ. ಒಳಮೈ ಪೂರ್ತಿ ಕಪ್ಪು ಗಾಜಿನಂತೆ ಹೊಳೆಯುತ್ತಿರುತ್ತದೆ. ಅದು ಕ್ರಿಯೋಸೋಟ್‌ನ ಕೊನೇ ಹಂತ. ಮೊದಲನೇದು ಪುಡಿ ಮಸಿ, ಬ್ರಷ್‌ಗೆ ಬರುತ್ತದೆ. ಎರಡನೇದು ಹೊಳಪಿನ ಚಕ್ಕೆ, ಕಷ್ಟಪಟ್ಟರೆ ಬರುತ್ತದೆ. ಮೂರನೇದು ಈ ಗಾಜು. ಅದಕ್ಕೆ ಮಾಮೂಲಿ ಬ್ರಷ್ ಏನೂ ಮಾಡಲ್ಲ.

ಸುಮ್ನೆಓದುವವ:
ಹೆಸರೇ "ಅರೆಒಣಸೌದೆ" ಅಂತ ಇಟ್ಟುಕೊಂಡವರಿಗೆ ಈ ಭಾಷಣ ಬೇಕಿತ್ತು 😂

ಅರೆಒಣಸೌದೆ:
ಹಹ್ಹ, ಹೆಸರು ಬದಲಿಸೋಕೆ ಆಗುತ್ತಾ ನೋಡ್ತೀನಿ.

ತಗಡುಕೆಲಸ:
@ಪ್ಯಾಸ್ಕಲ್‌ಲೆಕ್ಕ ಅಳತೆ ವಿಷಯ ಒಪ್ಪಿದೆ. ಆದರೆ 6 ಇಂಚಿನ ಲೈನರ್ ಇಳಿಸಿಬಿಟ್ಟರೆ ಸಾಕು ಅನ್ನೋ ಹಾಗೆ ಬರೆದಿದ್ದೀರಿ. ಹೊರಗೋಡೆ ಚಿಮಣಿಯಲ್ಲಿ ಬರೀ ಸ್ಟೀಲ್ ಕೊಳವೆ ಬೇಗ ತಣ್ಣಗಾಗುತ್ತದೆ. ಸುತ್ತ ಶಾಖ ತಡೆಯುವ ಹೊದಿಕೆ ಬೇಕು.

ಪ್ಯಾಸ್ಕಲ್‌ಲೆಕ್ಕ:
ಬೇಕು, ಅದಕ್ಕೇ ಬರುತ್ತಿದ್ದೆ. ಲೆಕ್ಕ ನೋಡಿ. ಚಿಮಣಿ 7 ಮೀಟರ್, ಹೊರಗೆ 10 ಡಿಗ್ರಿ ಅಂತಿಟ್ಟುಕೊಳ್ಳಿ. ಕೊಳವೆಯೊಳಗೆ ಸರಾಸರಿ 200 ಡಿಗ್ರಿ ಇದ್ದರೆ ಒಳಗಿನ, ಹೊರಗಿನ ಗಾಳಿಯ ತೂಕದ ವ್ಯತ್ಯಾಸದಿಂದ ಸುಮಾರು 34 ಪ್ಯಾಸ್ಕಲ್ (ಒತ್ತಡದ ಅಳತೆ) ಎಳೆತ ಹುಟ್ಟುತ್ತದೆ. ಅದೇ ಕೊಳವೆ ತಣ್ಣಗಾಗಿ ಸರಾಸರಿ 80 ಡಿಗ್ರಿಗೆ ಇಳಿದರೆ ಸುಮಾರು 17. ಅರ್ಧಕ್ಕರ್ಧ ಹೋಯಿತು. ಇದರಲ್ಲಿ ತಿರುವು, ಉಜ್ಜಾಟ, ಮೇಲಿನ ಟೋಪಿ ಎಲ್ಲ ತಮ್ಮ ಪಾಲು ತಿನ್ನುತ್ತವೆ. ಸಾಮಾನ್ಯವಾಗಿ ಸ್ಟವ್‌ಗೆ 12 ಪ್ಯಾಸ್ಕಲ್ ಆಸುಪಾಸು ಬೇಕು. 17ರಲ್ಲಿ ಕಳೆದು ಉಳಿದದ್ದು ಸಾಕಾಗದಿದ್ದರೆ ಬಾಗಿಲು ತೆಗೆದಾಗಲೆಲ್ಲ ಹೊಗೆ ಮನೆಯೊಳಗೆ.

ಅಜ್ಜನಕೊಡಲಿ:
ಲೆಕ್ಕ ಚೆನ್ನಾಗಿದೆ. ಆದರೆ ನಾವು ಹೊದಿಕೆ ಇಲ್ಲದೇ ಲೈನರ್ ಹಾಕಿ ಎಷ್ಟೋ ವರ್ಷ ಆಯಿತು, ಏನೂ ಆಗಿಲ್ಲ. ಈ ಹೊದಿಕೆ ಎಲ್ಲ ಮಾರುವವರ ಗಿಮಿಕ್.

ತಗಡುಕೆಲಸ:
@ಅಜ್ಜನಕೊಡಲಿ ನಿಮ್ಮ ಚಿಮಣಿ ಮನೆ ನಡುವೆ ಇದೆಯಾ, ಹೊರಗೋಡೆಯಲ್ಲಾ?

ಅಜ್ಜನಕೊಡಲಿ:
ನಡುವೆ.

ತಗಡುಕೆಲಸ:
ಅದೇ ಮತ್ತೆ! ಸುತ್ತ ಬೆಚ್ಚಗಿನ ಮನೆಯೇ ನಿಮ್ಮ ಹೊದಿಕೆ. ಇವರಿಗೆ ಆ ಸೌಕರ್ಯ ಇಲ್ಲ.

ಎಳೆತದ ಮಾತು ಬಿಡಿ, ಹೊದಿಕೆಗೆ ಇನ್ನೊಂದು ಕಾರಣ ಇದೆ. ಇಟ್ಟಿಗೆ ಚಿಮಣಿಗೂ ಮನೆಯ ಮರದ ತೊಲೆಗೂ ನಡುವೆ ಖಾಲಿ ಜಾಗ ಇರಬೇಕು. ಮನೆಯೊಳಗಿನ ಚಿಮಣಿಗೆ 2 ಇಂಚು, ಹೊರಗೋಡೆಯದ್ದಕ್ಕೆ 1 ಇಂಚು ಅನ್ನೋದು ಅಮೆರಿಕದ ನಿಯಮ. ಹಳೇ ಮನೆಗಳಲ್ಲಿ ತೊಲೆಯನ್ನು ನೇರ ಇಟ್ಟಿಗೆಗೇ ಆನಿಸಿರುತ್ತಾರೆ. ವರ್ಷಗಟ್ಟಲೆ ಬಿಸಿ ತಾಗಿದ ಮರ ಕಡಿಮೆ ಶಾಖಕ್ಕೂ ಹತ್ತಿಕೊಳ್ಳುವ ಸ್ಥಿತಿಗೆ ಬಂದಿರುತ್ತದೆ. ಆ ಜಾಗ ಇಲ್ಲದ ಚಿಮಣಿಗೆ ಹೊದಿಕೆ ಸಮೇತ ಪರೀಕ್ಷೆಯಾದ ಲೈನರ್ ಮಾತ್ರ ಹಾಕಬೇಕು. @ಅಜ್ಜನಕೊಡಲಿ ಅವರೇ, ಅಟ್ಟಕ್ಕೆ ಹತ್ತಿ ನಿಮ್ಮ ತೊಲೆ ಎಲ್ಲಿದೆ ಒಂದು ಸಲ ನೋಡಿಬಿಡಿ.

ಅಜ್ಜನಕೊಡಲಿ:
ನೋಡ್ತೀನಿ. ಆದರೂ ಗಿಮಿಕ್ ಅನ್ನೋದು ನನ್ನ ಅಭಿಪ್ರಾಯ.

ಕೆಂಡದಹೂ:
ಹೊದಿಕೆಯಲ್ಲೂ ಎರಡು ಬಗೆ ಇದೆ. ಒಂದು ಸೆರಾಮಿಕ್ ನಾರಿನ ಕಂಬಳಿ, ಸಾಮಾನ್ಯವಾಗಿ ಅರ್ಧ ಇಂಚು ದಪ್ಪ, ಒಂದು ಮೈಗೆ ಫಾಯಿಲ್ ಇರುತ್ತದೆ. ಲೈನರ್‌ಗೆ ಸುತ್ತಿ, ಮೇಲೆ ಸ್ಟೀಲ್ ಜಾಲರಿ ತೊಡಿಸಿ, ಆಮೇಲೆ ಚಿಮಣಿಗೆ ಇಳಿಸೋದು. ಇನ್ನೊಂದು ವರ್ಮಿಕ್ಯುಲೈಟ್ ಅನ್ನೋ ಹಗುರ ಖನಿಜದ ಕಾಳಿಗೆ ಸಿಮೆಂಟಿನಂಥ ಅಂಟು, ನೀರು ಕಲಸಿ ಲೈನರ್ ಸುತ್ತಲಿನ ಸಂದಿಗೆ ಮೇಲಿಂದ ಸುರಿಯೋದು. ನಾವು ಕಂಬಳಿ ಹಾಕಿಸಿದೆವು. ಸುರಿಯುವುದರಲ್ಲಿ ತೊಂದರೆ ಏನೆಂದರೆ, ಲೈನರ್ ನಟ್ಟನಡುವೆ ನಿಲ್ಲದೆ ತಿರುವಿನಲ್ಲಿ ಗೋಡೆಗೆ ಒರಗಿದರೆ ಆ ಕಡೆ ಏನೂ ತುಂಬಲ್ಲ. 12 ಇಂಚಿನ ಚಿಮಣಿಗೆ ಚೀಲಗಟ್ಟಲೆ ಬೇಕಾಗುತ್ತದೆ ಬೇರೆ. ಕಂಬಳಿಯ ನಾರು ಚರ್ಮಕ್ಕೆ, ಶ್ವಾಸಕೋಶಕ್ಕೆ ಒಳ್ಳೇದಲ್ಲ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ.

ಚೌಕಕೊಳವೆ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮದು ಉಲ್ಟಾ ಸಮಸ್ಯೆ. ಸುಟ್ಟಮಣ್ಣಿನ ಚೌಕ ಕೊಳವೆ ಇದೆ, ಒಳಗೆ 7ಕ್ಕೆ 7 ಇಂಚು, ಕೊಳವೆ ಅಲ್ಲಲ್ಲಿ ಒಡೆದಿದೆ. 6 ಇಂಚಿನ ಲೈನರ್‌ಗೆ ಅರ್ಧ ಇಂಚಿನ ಕಂಬಳಿ ಎರಡೂ ಕಡೆ ಸೇರಿದರೆ 7 ಆಯಿತು. ಇಳಿಯೋದೇ ಇಲ್ಲ!

ಮಸಿಬ್ರಷ್:
@ಚೌಕಕೊಳವೆ ಒಡೆದ ಮಣ್ಣಿನ ಕೊಳವೆಯನ್ನು ಒಳಗಿಂದಲೇ ಪುಡಿ ಮಾಡಿ ತೆಗೆಯೋ ಯಂತ್ರ ಇದೆ. ಉದ್ದ ಸರಳಿನ ತುದಿಗೆ ತಿರುಗುವ ಸರಪಳಿಯಂಥ ತಲೆ. ದೂಳು ಭಯಂಕರ, ಆದರೆ ಜಾಗ ಸಿಗುತ್ತದೆ, ಕಂಬಳಿ ಸಮೇತ 6 ಇಂಚು ಆರಾಮಾಗಿ ಇಳಿಯುತ್ತದೆ. ಕೊಳವೆಯ ಹಿಂದಿನ ಇಟ್ಟಿಗೆ ಗಟ್ಟಿ ಇದೆಯಾ ಮೊದಲು ನೋಡಿಸಿ.

ಕೆಲವರು ಲೈನರ್ ಅನ್ನು ಮೊಟ್ಟೆಯಾಕಾರಕ್ಕೆ ಅಮುಕಿ ಇಳಿಸುತ್ತಾರೆ. ಉದ್ದನೆಯ ಆಯತದ ಚಿಮಣಿಗೆ ಅದು ಸರಿ, ಕಾರ್ಖಾನೆಯಲ್ಲೇ ಹಾಗೆ ಮಾಡಿಸಿಕೊಂಡರೆ ಇನ್ನೂ ಸರಿ. ನಿಮ್ಮದು ಚೌಕ. ಅಮುಕಿ ಏನೂ ಉಪಯೋಗ ಇಲ್ಲ.

ಹಳೆಸುಣ್ಣ:
ಹಳೇ ಚಿಮಣಿಗಳ ಮಾತು ಬಂದಿದ್ದಕ್ಕೆ ಒಂದು ವಿಷಯ. ಬ್ರಿಟನ್ನಿನಲ್ಲಿ ಮೊದಲು ಚಿಮಣಿಯ ಒಳಮೈಗೆ ಸುಣ್ಣದ ಗಾರೆಗೆ ಸಗಣಿ ಬೆರೆಸಿ ಮೆತ್ತುತ್ತಿದ್ದರು. ಅದೇ ಅವರ ಲೈನರ್! ಹೊಸ ಚಿಮಣಿಗೆ ಸರಿಯಾದ ಲೈನರ್ ಬೇಕೇ ಬೇಕು ಅಂತ ಅಲ್ಲಿ ನಿಯಮ ಬಂದಿದ್ದು 1965ರ ಕಟ್ಟಡ ನಿಯಮಾವಳಿಯಲ್ಲಿ. ಅಲ್ಲಿವರೆಗೂ ಸಗಣಿ ಗಾರೆಯಲ್ಲೇ ಕಾಲ ಹಾಕಿದರು.

ಸುಮ್ನೆಓದುವವ:
@ಹಳೆಸುಣ್ಣ ಸಗಣಿ ಸಾರಿಸೋದು ನಮ್ಮವರ ಪೇಟೆಂಟ್ ಅಂದುಕೊಂಡಿದ್ದೆ.

ಗಾರೆಕರಣೆ:
ಸಗಣಿ ಗಾರೆ ಹಗುರವಾಗಿ ತಗೋಬೇಡಿ. ಸಗಣಿಯ ನಾರು ಗಾರೆಯನ್ನು ಹಿಡಿದಿಡುತ್ತದೆ, ಬಿಸಿಗೆ ಸ್ವಲ್ಪ ಜಗ್ಗುವ ಗುಣ ಕೊಡುತ್ತದೆ. ಹೊಗೆಯ ಆಮ್ಲಕ್ಕೆ ಸುಣ್ಣ ಕರಗಿ ಕೊನೆಗೆ ಉದುರುತ್ತದೆ, ಅದು ಬೇರೆ ಮಾತು.

ಇನ್ನೊಂದು ದಾರಿ ಯಾರೂ ಹೇಳಿಲ್ಲ. ಚಿಮಣಿಯೊಳಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಇಳಿಸಿ, ಸುತ್ತ ಶಾಖ ತಡೆಯುವ ಹಗುರ ಕಾಂಕ್ರೀಟ್ ತುಂಬಿ, ಗಟ್ಟಿಯಾದ ಮೇಲೆ ಗಾಳಿ ಬಿಟ್ಟು ರಬ್ಬರ್ ಎಳೆಯೋದು. ಒಳಗೆ ನುಣುಪಾದ ದುಂಡು ದಾರಿ ಉಳಿಯುತ್ತದೆ. ಸೊರಗಿದ ಚಿಮಣಿಗೆ ಬಲವೂ ಬರುತ್ತದೆ. ಆದರೆ ಕೈ ಪಳಗಿದವರೇ ಮಾಡಬೇಕು, ಖರ್ಚು ಜಾಸ್ತಿ. ಒಮ್ಮೆ ಹಾಕಿದರೆ ತೆಗೆಯೋ ಮಾತಿಲ್ಲ. ನಾಳೆ 8 ಇಂಚು ಬಾಯಿಯ ಸ್ಟವ್ ತಂದರೆ ಕಷ್ಟ.

ಅರೆಒಣಸೌದೆ:
ನಮ್ಮ ಬಜೆಟ್‌ಗೆ ಅದು ಆಗಲ್ಲ. ಸ್ಟೀಲ್, 6 ಇಂಚು, ಕಂಬಳಿ ಸಮೇತ. ಇಷ್ಟು ತೀರ್ಮಾನ. ಇನ್ನು ಬಾಗುವ ಕೊಳವೆಯೋ, ಗಟ್ಟಿ ಕೊಳವೆಯೋ?

ತಗಡುಕೆಲಸ:
ತಿರುವು ಇಲ್ಲದಿದ್ದರೆ ಗಟ್ಟಿ ಕೊಳವೆ ಅಂತಿದ್ದೆ. ಒಳಮೈ ನುಣುಪು, ತಗಡು ದಪ್ಪ, ಜಾಸ್ತಿ ಬಾಳಿಕೆ. ನಿಮಗೆ ತಿರುವಿದೆ, ಹಾಗಾಗಿ ಬಾಗುವುದೇ. ಅದರಲ್ಲೂ ಎರಡು ಪದರದ್ದು ತಗೊಳ್ಳಿ, ಹೊರಗೆ ಸುಕ್ಕು ಇದ್ದರೂ ಒಳಗೆ ನುಣುಪಾಗಿರುತ್ತದೆ. ಒಂದೇ ಪದರದ ಸುಕ್ಕು ಕೊಳವೆಯ ಮಡಿಕೆಗಳಲ್ಲಿ ಮಸಿ ಕೂರುತ್ತದೆ.

ಮುಖ್ಯವಾದ ವಿಷಯ, ಮೇಲೆ ಬಾಣದ ಗುರುತು ಇರುತ್ತದೆ, ಯಾವ ಕಡೆ ಮೇಲೆ ಅಂತ. ಅದನ್ನು ನೋಡದೆ ತಲೆಕೆಳಗಾಗಿ ಇಳಿಸಬೇಡಿ.

ಅಜ್ಜನಕೊಡಲಿ:
ಪೈಪಿಗೆ ತಲೆ ಯಾವುದು ಕಾಲು ಯಾವುದು ಮಾರಾಯ್ರೆ.

ತಗಡುಕೆಲಸ:
ಇದೆ. ಒಳಪದರದ ಅಂಚುಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಸರಿಯಾಗಿ ಇಳಿಸಿದರೆ ಟಾರ್, ಮಳೆನೀರು ಒಳಗೇ ಜಾರಿ ಕೆಳಗೆ ಬರುತ್ತದೆ. ಉಲ್ಟಾ ಆದರೆ ಎರಡು ಪದರದ ನಡುವೆ ಸೇರಿಕೊಂಡು ಅಲ್ಲೇ ಕೊಳೆಯುತ್ತದೆ, ಸ್ಟೀಲ್ ತಿನ್ನುತ್ತದೆ. ಗುಡಿಸುವಾಗ ಬ್ರಷ್ ಕೂಡ ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ಸ್ಟವ್‌ನಿಂದ ಹೊರಡುವ ಮಾಮೂಲಿ ಪೈಪಿಗೂ ಇದೇ ನಿಯಮ. ಸಣ್ಣ ತುದಿ ಕೆಳಗೆ, ಸ್ಟವ್ ಕಡೆಗೆ.

ಕೆಂಡದಹೂ:
ಸಣ್ಣ ತುದಿ ಕೆಳಗೆ ಅಂದರೆ ಸಂದಿಯಿಂದ ಹೊಗೆ ಹೊರಗೆ ಬರಲ್ವಾ? ನಮ್ಮ ಮನೆಯವರಿಗೆ ಇದೇ ವಾದ.

ಪ್ಯಾಸ್ಕಲ್‌ಲೆಕ್ಕ:
@ಕೆಂಡದಹೂ ಬರಲ್ಲ. ಚಿಮಣಿ ಎಳೆಯುತ್ತಿದ್ದರೆ ಕೊಳವೆಯೊಳಗಿನ ಒತ್ತಡ ಹೊರಗಿಗಿಂತ ಕಡಿಮೆ. ಸಂದಿ ಇದ್ದರೆ ಕೋಣೆಯ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರಲ್ಲ. ಎಳೆತ ಉಲ್ಟಾ ಆದಾಗ ಮಾತ್ರ ಬರುತ್ತದೆ. ಅದಕ್ಕೇ ಸ್ಟವ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಇದರಲ್ಲಿ ವಾದ ಬೇಡ.

ಅರೆಒಣಸೌದೆ:
ಎರಡು ಕಡೆ ಲೈನರ್‌ನ ವಿವರಪಟ್ಟಿ ತರಿಸಿದೆ. ಒಂದರ ಮೇಲೆ "ಟಿ450 ಎನ್1 ಡಬ್ಲ್ಯೂ ವಿ2 ಎಲ್50012 ಜಿ" ಅಂತಿದೆ. ಇನ್ನೊಂದರಲ್ಲಿ "ಹೈ ಗ್ರೇಡ್ ಎಸ್ಎಸ್, ಲೈಫ್‌ಟೈಮ್ ಗ್ಯಾರಂಟಿ" ಅಂತ ಮಾತ್ರ. ಮೊದಲನೇದು ಮಂತ್ರದ ಥರ ಇದೆ. ಯಾರಾದರೂ ಬಿಡಿಸಿ ಹೇಳ್ತೀರಾ?

ತಗಡುಕೆಲಸ:
ಮಂತ್ರವೇ ಬೇಕಾಗಿರೋದು. ಅದು ಯುರೋಪಿನ ಇಎನ್ 1856 ಮಾನದಂಡದ ಗುರುತು. ಟಿ450 ಅಂದರೆ 450 ಡಿಗ್ರಿ ಸೆಲ್ಸಿಯಸ್ ಹೊಗೆಯನ್ನು ಸದಾ ತಡೆಯುತ್ತದೆ. ಎನ್1 ಅಂದರೆ ಮಾಮೂಲಿ ಎಳೆತದಲ್ಲಿ ಕೆಲಸ ಮಾಡುವಂಥದ್ದು, ಫ್ಯಾನ್ ಒತ್ತಡಕ್ಕಲ್ಲ. ಡಬ್ಲ್ಯೂ ಅಂದರೆ ಒಳಗೆ ತೇವ ಇಳಿದರೂ ತಡೆಯುತ್ತದೆ. ವಿ ಅನ್ನೋದು ತುಕ್ಕು ಪರೀಕ್ಷೆಯ ದರ್ಜೆ. ಎಲ್50 ಅಂದರೆ 316ರ ಜಾತಿಯ ಸ್ಟೀಲ್, 304 ಆಗಿದ್ದರೆ ಎಲ್20, 904 ಆಗಿದ್ದರೆ ಎಲ್70 ಅಂತಿರುತ್ತಿತ್ತು. ಪಕ್ಕದ 012 ಅಂದರೆ 0.12 ಮಿಲಿಮೀಟರ್ ದಪ್ಪ.

ಕೊನೆಯ "ಜಿ" ಇದೆಯಲ್ಲ, ಸೌದೆ ಸ್ಟವ್‌ಗೆ ಅದೇ ಜೀವ. ಮಸಿಗೆ ಬೆಂಕಿ ಬಿದ್ದರೆ ತಡೆಯುತ್ತದಾ ಅಂತ 1000 ಡಿಗ್ರಿಯಲ್ಲಿ 30 ನಿಮಿಷ ಪರೀಕ್ಷೆ ಮಾಡಿರುತ್ತಾರೆ. ಜಿ ಬದಲು "ಒ" ಇದ್ದರೆ ಅದು ಗ್ಯಾಸ್, ಎಣ್ಣೆಯ ಉಪಕರಣಕ್ಕೆ, ಸೌದೆಗೆ ಬೇಡ. ಅಮೆರಿಕದ ಮಾಲಾದರೆ ಯುಎಲ್ 1777 (ಅಲ್ಲಿನ ಲೈನರ್ ಮಾನದಂಡ) ಅಂತ ಇದೆಯಾ ನೋಡಿ. ಅಲ್ಯೂಮಿನಿಯಂ ಲೈನರ್ ಅಂತೂ ಸೌದೆಯ ಹತ್ತಿರ ಸುಳಿಯಲೇಬಾರದು, 660 ಡಿಗ್ರಿಗೆ ಕರಗಿ ಹೋಗುತ್ತದೆ.

ಮಸಿಬ್ರಷ್:
"ಲೈಫ್‌ಟೈಮ್ ಗ್ಯಾರಂಟಿ" ಹಿಂದೆ ಸಣ್ಣ ಅಕ್ಷರ ಓದಿ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಗುಡಿಸಿದ ರಸೀದಿ ಕೇಳುತ್ತಾರೆ. ರಸೀದಿ ಇಲ್ಲದಿದ್ದರೆ ಗ್ಯಾರಂಟಿ ಇಲ್ಲ. ಚಿಮಣಿ ಬೆಂಕಿ ಆಗಿದ್ದರೂ ಕೈ ಎತ್ತುವವರು ಬಹಳ.

ಗುಡಿಸೋಕೆ ನೈಲಾನ್ ಬ್ರಷ್. ಕಬ್ಬಿಣದ ತಂತಿಯ ಬ್ರಷ್ ಬೇಡ. ತಂತಿಯ ಚೂರು ಸ್ಟೇನ್‌ಲೆಸ್ ಮೈಗೆ ಕೂತು ಅಲ್ಲಿಂದ ತುಕ್ಕು ಶುರುವಾಗುತ್ತದೆ. ಗುಡಿಸೋದು ಚಳಿಗಾಲ ಮುಗಿದ ಕೂಡಲೇ, ಮುಂದಿನ ಚಳಿಗಾಲಕ್ಕೆ ಮುಂಚೆ ಅಲ್ಲ. ಬಿಟ್ಟಿರುವ ತಿಂಗಳುಗಳಲ್ಲಿ ಮಸಿ ಗಾಳಿಯ ತೇವ ಹೀರಿಕೊಂಡು ಸ್ಟೀಲನ್ನು ತಿನ್ನುತ್ತದೆ.

ಚೌಕಕೊಳವೆ:
ಸೌದೆ ಒಣಗಿದೆ ಅಂತ ಹೇಗೆ ಗೊತ್ತಾಗೋದು? ಹೊಡೆದರೆ ಟಣ್ ಅನ್ನಬೇಕು ಅಂತಾರೆ.

ಅಜ್ಜನಕೊಡಲಿ:
ಇದರಲ್ಲಿ ನಾನು ಪರಿಣತ. ಟಣ್ ಅನ್ನೋದು ಅಂದಾಜಿಗೆ ಸರಿ. ತೇವ ಅಳೆಯುವ ಮೀಟರ್ ಸಿಗುತ್ತದೆ. ಕೊರಡಿನ ಹೊರಮೈಗೆ ಚುಚ್ಚಬೇಡಿ, ಅದು ಯಾವಾಗಲೂ ಒಣಗಿದ ಹಾಗೇ ತೋರಿಸುತ್ತದೆ. ಸೀಳಿ, ಹೊಸದಾಗಿ ಸೀಳಿದ ಒಳಮೈಗೆ ಚುಚ್ಚಿ. ಶೇ. 20ಕ್ಕಿಂತ ಕಡಿಮೆ ಬಂದರೆ ಒಲೆಗೆ. ಗಟ್ಟಿ ಮರವಾದರೆ ಸೀಳಿ, ಮೇಲೆ ಮಾತ್ರ ಮುಚ್ಚಿ, ಬದಿಗಳಲ್ಲಿ ಗಾಳಿಯಾಡುವ ಹಾಗೆ ಒಟ್ಟಿ ಒಂದೆರಡು ವರ್ಷ ಬಿಡಬೇಕು. ಪೂರ್ತಿ ಟಾರ್ಪಾಲ್ ಹೊದಿಸಿದರೆ ಬೂಸಲು ಬರುತ್ತದೆ.

ಸುಮ್ನೆಓದುವವ:
ಹೊದಿಕೆ ಗಿಮಿಕ್ ಅನ್ನೋ ವಾದ ಸೌದೆಗೂ ಬಂತು 😂

ಅಜ್ಜನಕೊಡಲಿ:
ಇದು ಬೇರೆ!

ಅರೆಒಣಸೌದೆ:
ಸರಿ, ಮೊದಲನೇ ಲೈನರ್ ಅನ್ನೇ ತರಿಸುತ್ತೇನೆ. ಇಳಿಸುವಾಗ ಬೇರೆ ಏನಾದರೂ ಗಮನಿಸಬೇಕಾ? ಹಳೇ ಅಗ್ಗಿಷ್ಟಿಕೆಯ ಮೇಲೆ ಕಬ್ಬಿಣದ ಮುಚ್ಚಳ ಒಂದಿದೆ, ಲೈನರ್‌ಗೆ ಅಡ್ಡ ಬರುತ್ತದೆ.

ತಗಡುಕೆಲಸ:
ಆ ಮುಚ್ಚಳ ಬಿಚ್ಚಿ, ಬರದಿದ್ದರೆ ಕತ್ತರಿಸಿ. ಲೈನರ್ ಅನ್ನು ಅಲ್ಲಿ ಅಮುಕಿ ತೂರಿಸಬೇಡಿ. ಆಮೇಲೆ ಅದೇ ಮಟ್ಟದಲ್ಲಿ ಲೈನರ್ ಸುತ್ತ ಸ್ಟೀಲ್ ತಗಡು ಕತ್ತರಿಸಿ ಅಡ್ಡ ಕೂರಿಸಿ, ಸಂದಿಗೆ ಬೆಂಕಿ ತಡೆಯುವ ಸೀಲೆಂಟ್ ಹಚ್ಚಿ. ಇಲ್ಲದಿದ್ದರೆ ಕೋಣೆಯ ಬಿಸಿ ಗಾಳಿ ಲೈನರ್ ಪಕ್ಕದಿಂದಲೇ ಮೇಲೆ ಹೋಗಿ ಇಟ್ಟಿಗೆ ಕಾಯಿಸುತ್ತಾ ಕೂರುತ್ತದೆ. ಮೇಲೆ ಚಿಮಣಿ ಬಾಯಿ ಮುಚ್ಚುವ ತಲೆ ತಗಡು, ಅದರ ಮೇಲೆ ಮಳೆ ಟೋಪಿ. ಲೈನರ್‌ನ ಪೂರ್ತಿ ಭಾರ ತಲೆ ತಗಡಿನ ಮೇಲೆ ನಿಲ್ಲಬೇಕು, ಸ್ಟವ್ ಮೇಲೆ ಅಲ್ಲ.

ಕೆಂಡದಹೂ:
ಟೋಪಿಗೆ ಹಕ್ಕಿ ಜಾಲರಿ ಹಾಕಿಸೋದೋ ಬೇಡವೋ? ಹಕ್ಕಿ ಗೂಡು ಕಟ್ಟಿದರೆ ಹೊಗೆ ಮನೆಯೊಳಗೆ.

ಮಸಿಬ್ರಷ್:
ಹಾಕಿಸಿ, ಆದರೆ ಕಣ್ಣು ದೊಡ್ಡದಿರಲಿ. ಸಣ್ಣ ಕಣ್ಣಿನ ಜಾಲರಿಗೆ ಕ್ರಿಯೋಸೋಟ್ ಕಟ್ಟಿಕೊಂಡು ಪೂರ್ತಿ ಮುಚ್ಚಿಹೋಗುತ್ತದೆ. ಚಳಿಗಾಲದ ನಡುವೆ ಒಂದು ಸಲ ಕೆಳಗಿಂದ ದುರ್ಬೀನು ಹಿಡಿದು ನೋಡಿದರೆ ಸಾಕು, ಕಪ್ಪು ಗಡ್ಡ ಬಂದಿದ್ದರೆ ಕಾಣುತ್ತದೆ.